ಕೋರೆಯ ಮೀನಿಗೆ ಪುನರ್ನವ

ಮೀನಿನ ಮೂತ್ರಪಿಂಡ ನಮ್ಮದರ ಹಾಗೆ ಅವರೆಕಾಳಿನ ಆಕಾರದ್ದಲ್ಲ. ಹೊಟ್ಟೆ ಸೀಳಿ, ಕರುಳು, ಪಿತ್ತಕೋಶ, ಗಾಳಿಚೀಲ ಎಲ್ಲವನ್ನೂ ಬದಿಗೆ ಸರಿಸಿದ ಮೇಲೆ ಬೆನ್ನುಮೂಳೆಗೆ ಅಂಟಿಕೊಂಡಂತೆ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಮನೆಯಲ್ಲಿ ಮೀನು ಶುದ್ಧ ಮಾಡುವವರು ಅದನ್ನು ಹೆಪ್ಪುಗಟ್ಟಿದ ರಕ್ತವೆಂದೇ ತಿಳಿದು ಉಗುರಿನಿಂದ ಕೆರೆದು ತೊಳೆದುಬಿಡುತ್ತಾರೆ. ಲಾಯಿಲದ ನಮ್ಮ ಮನೆಯ ಹಿತ್ತಲಿನಲ್ಲಿ ಕುಳಿತು ಅಮ್ಮ ಮಾಡುತ್ತಿದ್ದದ್ದೂ ಅದನ್ನೇ. ಅವಳು ಕೆರೆದು ಬಿಸಾಡುವ ಆ ಪಟ್ಟಿಯ ಹಿಂದೆ ನಾನು ಮೂಡುಬಿದಿರೆಯ ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಿದ್ದಿದ್ದೆ. ಪಾಠ ಮಾಡುವುದು ಹೊಟ್ಟೆಪಾಡು, ಸಂಶೋಧನೆ ತಲೆನೋವು. "ಅದಕ್ಕೂ ಒಂದು ಡಾಕ್ಟರೇಟ್ ಉಂಟಾ?" ಎಂದು ಅಮ್ಮ ಕೇಳಿದ್ದಳು. ಉಂಟು ಎಂದು ಹೇಳುವಷ್ಟು ಧೈರ್ಯ ಆಗ ನನಗೇ ಇರಲಿಲ್ಲ.

ಮೀನಿನ ಮೂತ್ರಪಿಂಡವನ್ನು ರಾಸಾಯನಿಕಗಳಿಂದ ಗಿಡಮೂಲಿಕೆ ಕಾಪಾಡಬಲ್ಲುದೇ ಎನ್ನುವುದು ನನ್ನ ವಿಷಯ. ಅದು ಕಾಗದದ ಮೇಲಿನ ವಿಷಯವಾಗಿಯೇ ಉಳಿಯುತ್ತಿತ್ತೋ ಏನೋ. ಒಂದು ದಿನ ಬಂಟ್ವಾಳ ಕಡೆಯ ಹಾಜಿಯವರೊಬ್ಬರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಹಾಕಿಸಿ, ಅದರೊಳಗೆ ಸತ್ತ ರೋಹು ಮೀನುಗಳನ್ನು ಮಲಗಿಸಿಕೊಂಡು ನಮ್ಮ ವಿಭಾಗಕ್ಕೆ ಬಂದರು.

"ಪೋಸ್ಟ್‌ಮಾರ್ಟಂ ಮಾಡ್ಲಿಕ್ಕೆ ಆಗ್ತದಾ ಟೀಚರೇ?" ಎಂದು ಕೇಳಿದರು. ನನಗೆ ನಗು ಬಂತು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ನಗು ಹೋಯಿತು. ಮೀನುಗಳ ಹೊಟ್ಟೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು, ಹುರುಪೆಗಳು ಎದ್ದು ನಿಂತಿದ್ದವು. ಮೂತ್ರಪಿಂಡ ಕೆಲಸ ನಿಲ್ಲಿಸಿದರೆ ಮೀನಿನ ಮೈಯಲ್ಲಿ ನೀರು ನಿಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೆ ಮಲಗಿತ್ತು.

ಹಾಜಿಯವರು ಅರ್ಧ ಆಯುಸ್ಸನ್ನು ಸೌದಿಯ ದಮಾಮ್‌ನಲ್ಲಿ ಸ್ಟೋರ್ ಕೀಪರ್ ಆಗಿ ಕಳೆದು ಊರಿಗೆ ಮರಳಿದವರು. ಪೊಳಲಿಗೆ ಹೋಗುವ ದಾರಿಯಲ್ಲಿ ಒಳಗೆ ಅವರ ಜಾಗ. ಅಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಎರಡು ಕೋರೆಗಳು, ಒಂದು ದೊಡ್ಡದು, ಒಂದು ಸಣ್ಣದು. ಮಳೆನೀರು ತುಂಬಿ ಕೆರೆಯಾದ ದೊಡ್ಡ ಕೋರೆಗೆ ಅವರು ರೋಹು ಮರಿ ಬಿಟ್ಟರು. ಮೊದಲ ವರ್ಷ ಮೀನು ಚೆನ್ನಾಗಿ ಬಂತು. ಆಮೇಲಿನ ಎರಡು ಮಳೆಗಾಲವೂ ಹೀಗೆ ಉಬ್ಬಿ ಉಬ್ಬಿ ಸತ್ತವು. ಕೋರೆಯ ಮೇಲ್ಬದಿಯ ಗುಡ್ಡದಲ್ಲಿ ಹೊಸದಾಗಿ ಅಡಿಕೆ ತೋಟಗಳಾಗಿದ್ದವು. ಕೊಳೆರೋಗ ಬಾರದ ಹಾಗೆ ಅಡಿಕೆಗೆ ಸುಣ್ಣ ಸೇರಿಸಿದ ಮೈಲುತುತ್ತು ಸಿಂಪಡಿಸುತ್ತಾರೆ. ಸಿಂಪಡಿಸಿದ ಮರುದಿನ ಜೋರು ಮಳೆ ಬಂದರೆ ಅದರ ತಾಮ್ರ ತೊಳೆದುಕೊಂಡು ಕೆಳಗಿನ ಕೋರೆಗೆ ಇಳಿಯುತ್ತದೆ.

"ಅವರಿಗೆ ಹೇಳಿ ನೋಡಿದ್ರಾ?" ಎಂದು ಕೇಳಿದೆ.

"ಎಂತ ಹೇಳುದು? ಮೈಲುತುತ್ತು ಬಿಡದಿದ್ರೆ ಅವರ ಅಡಿಕೆ ಹೋಗ್ತದೆ, ಬಿಟ್ರೆ ನನ್ನ ಮೀನು ಹೋಗ್ತದೆ. ಅವರೂ ಹೊಟ್ಟೆಪಾಡಿಗೇ ಮಾಡುದಲ್ವಾ?" ಎಂದರು. ಆಮೇಲೆ ಸ್ವರ ತಗ್ಗಿಸಿದರು. "ದಮಾಮ್‌ನ ಕಂಪೆನಿಯವರು ಪುನಃ ಕರೀತಾ ಇದ್ದಾರೆ ಟೀಚರೇ. ಬರುವ ಮಳೆಗಾಲ ಮುಗಿಯುವ ತನಕ ಕಾಯ್ತೇವೆ ಅಂತ ಹೇಳಿದ್ದಾರೆ. ಇನ್ನೊಂದು ಸಲ ಮೀನು ಸತ್ರೆ ನಾನು ಹೋಗುದೇ. ಮನೆಯಲ್ಲಿ ಹೇಳ್ಲಿಲ್ಲ. ಇಷ್ಟು ವರ್ಷ ಆದ ಮೇಲೆ ಒಟ್ಟಿಗೆ ಕೂತು ಉಣ್ಣುದು ಈಗ. ಹೇಗೆ ಹೇಳುದು?"

ಮೀನಿನ ಮದ್ದು ಕೇಳಲು ಬಂದವರು ತಮ್ಮ ಸಂಸಾರವನ್ನೇ ನನ್ನ ಮೇಜಿನ ಮೇಲೆ ಇಟ್ಟುಬಿಟ್ಟರು. ನನಗೋ ಬಾಯಿ ಸುಮ್ಮನಿರುವುದಿಲ್ಲ. "ಬರುವ ಮಳೆಗಾಲದ ಮೊದಲು ಹೇಳ್ತೇನೆ ಹಾಜಿಯವರೇ. ಮದ್ದು ಉಂಟೋ ಇಲ್ವೋ, ಎರಡರಲ್ಲಿ ಒಂದು," ಎಂದೆ. ಅವರು ಹೋದ ಮೇಲೆ ನನ್ನ ಮಾರ್ಗದರ್ಶಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅವರು ನಿಧಾನದ ಮನುಷ್ಯ. ಕೋಪಿಸಿಕೊಳ್ಳುವ ಕೆಲಸವನ್ನೆಲ್ಲ ನನಗೆ ಬಿಟ್ಟುಕೊಟ್ಟವರು. "ಮಾತು ಕೊಟ್ಟಾಯ್ತು. ಇನ್ನು ಕೆಲಸ ಮಾಡುವ," ಎಂದರು.

ಪುನರ್ನವವನ್ನು ಆರಿಸಿದ್ದು ನಾನೇ. ಮೈಯಲ್ಲಿ ನೀರು ತುಂಬಿ ಬಾವು ಬಂದವರಿಗೆ ಆಯುರ್ವೇದ ಪಂಡಿತರು ಕೊಡುವ ಗಿಡ ಅದು. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಬೇಸಗೆಯಲ್ಲಿ ಒಣಗಿದ ಹಾಗೆ ಕಂಡರೂ ಮಳೆಗೆ ಪುನಃ ಚಿಗುರುತ್ತದೆ. ಬಂಟ್ವಾಳ ಪೇಟೆಯ ಹಳೆಯ ಅಂಗಡಿಗಳ ಹಿಂದೆ, ನೇತ್ರಾವತಿಯ ನೆರೆ ಇಳಿದು ಕೆಸರು ಒಣಗಿದ ಜಾಗದಲ್ಲಿ, ಅದು ಚೆನ್ನಾಗಿ ಬೆಳೆದಿತ್ತು. ದೀಪಾವಳಿ ಕಳೆದ ಮೇಲೆ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಹೋಗಿ ಬೇರು ಸಮೇತ ಕಿತ್ತು ಗೋಣಿಗೆ ತುಂಬಿದೆ. ಅಂಗಡಿಯವರೊಬ್ಬರು ಹೊರಗೆ ಬಂದು, "ಎಂತ ಅಕ್ಕ, ಮುನಿಸಿಪಾಲಿಟಿಯವರಾ?" ಎಂದು ಕೇಳಿದರು. ಕಳೆ ಕೀಳಲು ಕೊನೆಗೂ ಯಾರೋ ಬಂದರಲ್ಲ ಎಂಬ ಸಂತೋಷ ಅವರ ಮುಖದಲ್ಲಿತ್ತು.

ಗಿಡವನ್ನು ತೊಳೆದು ನೆರಳಿನಲ್ಲೇ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸತ್ವ ಕಡಿಮೆಯಾಗುತ್ತದೆ. ಪುಡಿ ಮಾಡಿ, ತವುಡು ಮತ್ತು ನೆಲಗಡಲೆ ಹಿಂಡಿಯ ಜೊತೆ ಕಲಸಿ, ಆವಿಯಲ್ಲಿ ಬೇಯಿಸಿ, ಎಳೆಯಾಗಿ ಒತ್ತಿ, ಒಣಗಿಸಿ ಮುರಿಯಬೇಕು. ಎಳೆ ಒತ್ತುವ ಯಂತ್ರ ನಮ್ಮಲ್ಲಿರಲಿಲ್ಲ. ಲಾಯಿಲದಿಂದ ಅಮ್ಮ ಶಾವಿಗೆ ಒತ್ತುವ ಸೇಮಿಗೆ ಮಣೆ ತಂದೆ. ತೊಳೆದು ಹಿಂದೆ ಕೊಟ್ಟರೂ ಹಿಂಡಿಯ ವಾಸನೆ ಅದನ್ನು ಬಿಡಲಿಲ್ಲ. "ಮೀನಿಗೆ ಸೇಮಿಗೆ, ಮನೆಯವರಿಗೆ ಗಂಜಿ," ಎಂದು ಅಮ್ಮ ಊರಿಡೀ ಹೇಳಿಕೊಂಡು ಬಂದಳು.

ಹಾಜಿಯವರ ಕೋರೆಯಲ್ಲಿ ಅಳಿದುಳಿದ ಆರೋಗ್ಯದ ಮರಿಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ತಂದು, ವಿಭಾಗದ ಹಿಂದಿನ ಶೆಡ್ಡಿನಲ್ಲಿ ಸಾಲಾಗಿಟ್ಟ ಟಬ್ಬುಗಳಿಗೆ ಬಿಟ್ಟೆ. ಹೊಸ ಜಾಗಕ್ಕೆ ಅವು ಒಗ್ಗುವವರೆಗೆ ಕಾಯಬೇಕು. ಆಮೇಲೆ ಗುಂಪು ಮಾಡಿದೆ. ಒಂದಕ್ಕೆ ಬರೀ ನೀರು, ಸಾಮಾನ್ಯ ಆಹಾರ. ಇನ್ನೊಂದಕ್ಕೆ ನೀರಿನಲ್ಲಿ ಮೈಲುತುತ್ತು, ಸಾಮಾನ್ಯ ಆಹಾರ. ಮತ್ತೊಂದಕ್ಕೆ ಮೈಲುತುತ್ತು ಮತ್ತು ಪುನರ್ನವದ ಆಹಾರ. ಮೈಲುತುತ್ತಿನ ಪ್ರಮಾಣ ಮೀನನ್ನು ಕೊಲ್ಲುವಷ್ಟಿರಬಾರದು, ಮೂತ್ರಪಿಂಡಕ್ಕೆ ಪೆಟ್ಟಾಗುವಷ್ಟಿರಬೇಕು. ದಿನಾ ಬೆಳಿಗ್ಗೆ ಕಾಲೇಜಿನ ಬಾವಿಯಿಂದ ನೀರು ಹಾಯಿಸಿ ಬದಲಿಸುವುದು, ಅಳೆದ ಮೈಲುತುತ್ತನ್ನು ಕರಗಿಸಿ ಹಾಕುವುದು, ತಿಂದು ಉಳಿದದ್ದನ್ನು ಹೀರಿ ತೆಗೆಯುವುದು. ಕ್ಲಾಸಿಗೆ ಹೋಗುವಾಗ ನನ್ನ ಸೀರೆಯ ಅಂಚು ಯಾವಾಗಲೂ ಒದ್ದೆ.

ಅವಧಿ ಮುಗಿದ ಮೇಲೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನಿನ ಪ್ರಜ್ಞೆ ತಪ್ಪಿಸಿ, ಆ ಕೆಂಪು ಪಟ್ಟಿಯನ್ನು ಹರಿಯದ ಹಾಗೆ ಬಿಡಿಸಿ, ಕೊಳೆಯದಂತೆ ಹಿಡಿದಿಡುವ ಹಳದಿ ದ್ರಾವಣದಲ್ಲಿ ಮುಳುಗಿಸಿದೆ. ಅಲ್ಲಿಂದ ಮದ್ಯಸಾರ, ಅಲ್ಲಿಂದ ಕರಗಿದ ಮೇಣ. ಮೇಣದ ಗಟ್ಟಿಯನ್ನು ಯಂತ್ರಕ್ಕೆ ಕಚ್ಚಿಸಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ಮೇಣ ಸ್ವಲ್ಪ ಬಿಸಿ ಹೆಚ್ಚಾದರೂ ಅಂಗಾಂಶ ಗೊಟ್ಟಾಗಿ ಪುಡಿಯಾಗುತ್ತದೆ.

ಆರೋಗ್ಯದ ಮೂತ್ರಪಿಂಡದ ತುಂಡು ಸೂಕ್ಷ್ಮದರ್ಶಕದ ಕೆಳಗೆ ನೀರುದೋಸೆಯ ಹಾಗೆ ಕಾಣುತ್ತದೆ. ಮೂತ್ರ ಸೋಸುವ ನಳಿಕೆಗಳನ್ನು ಅಡ್ಡ ಕೊಯ್ದಿರುವುದರಿಂದ ತುಂಬ ಸಣ್ಣ ಸಣ್ಣ ತೂತು. ಮೈಲುತುತ್ತಿನ ಗುಂಪಿನಲ್ಲಿ ತೂತುಗಳೇ ಇರಲಿಲ್ಲ. ಅಂಚಿನ ಕೋಶಗಳು ಊದಿ, ಒಡೆದು, ದಾರಿ ಮುಚ್ಚಿಬಿಟ್ಟಿದ್ದವು. ಪುನರ್ನವ ತಿಂದವುಗಳಲ್ಲಿ ತೂತು ಪುನಃ ಕಂಡಿತು. ನನಗೆ ಹೊಟ್ಟೆ ತುಂಬ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಲೇ ಹಾಜಿಯವರಿಗೆ ಫೋನ್ ಮಾಡಲು ಹೊರಟವಳನ್ನು ಮಾರ್ಗದರ್ಶಕರು ತಡೆದರು.

"ಒಮ್ಮೆ ಬಂದದ್ದನ್ನು ನಂಬ್ಲಿಕ್ಕಾಗುದಿಲ್ಲ. ಇನ್ನೊಮ್ಮೆ ಮಾಡಿ. ಬಂದ್ರೆ ನಾನೇ ನಿಮ್ಮೊಟ್ಟಿಗೆ ಬರ್ತೇನೆ, ಕೋರೆ ನೋಡ್ಲಿಕ್ಕೆ."

ಅವರ ಮಾತು ಸರಿಯೇ. ಹಾಜಿಯವರಿಗೆ, "ಒಳ್ಳೆಯ ಸುದ್ದಿಯ ಹಾಗೆ ಕಾಣ್ತದೆ, ಆದ್ರೂ ಸ್ವಲ್ಪ ತಡೀರಿ," ಎಂದಷ್ಟೇ ಹೇಳಿದೆ.

ಇಷ್ಟರಲ್ಲಿ ಬೇಸಗೆ ಬಂತು. ಕಾಲೇಜಿನ ಬಾವಿಯಲ್ಲಿ ನೀರು ಇಳಿದು ಪಂಪಿಗೆ ಕೆಸರು ಬರತೊಡಗಿತು. ಕೆಸರು ನೀರಿನಲ್ಲಿ ಎರಡನೇ ಪ್ರಯೋಗ ಮಾಡುವುದು ಹೇಗೆ? ಆಫೀಸಿಗೆ ಹೋಗಿ ಮ್ಯಾನೇಜರರ ಎದುರು ಕುಳಿತು, ಬಾವಿ ಶುದ್ಧ ಮಾಡಿಸದೆ ಏಳುವುದಿಲ್ಲ ಎಂದು ಹಟ ಹಿಡಿದೆ. ಅವರು ಒಳ್ಳೆಯವರು. ಹೇಳಿದರೆ ಮಾಡುತ್ತಾರೆ. ಬೆರಳು ತೋರಿಸಿದರೆ ಕೈಯನ್ನೇ ಹಿಡಿದು ಕರೆದುಕೊಂಡು ಹೋಗುವಷ್ಟು ಉತ್ಸಾಹ. ರಜೆ ಸಿಕ್ಕಿದ ಕೂಡಲೇ ಜನ ಇಳಿಸಿ ಕೆಸರು ತೆಗೆಸಿದರು. ನಾನು ಪುನಃ ಹೋಗಿ ಧನ್ಯವಾದ ಹೇಳಿದಾಗ, "ಮಾಡುವುದಾದ್ರೆ ಸರಿಯಾಗಿ ಮಾಡುವ ಅಂತ, ಎಲ್ಲ ಕ್ರಮದಲ್ಲೇ ಮಾಡಿಸಿದ್ದೇನೆ ಮೇಡಂ," ಎಂದರು. ಯಾವ ಕ್ರಮ ಎಂದು ನಾನು ಕೇಳಲಿಲ್ಲ. ಬಾವಿ ಶುದ್ಧ ಮಾಡುವ ಕ್ರಮ ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ಎರಡನೇ ಪ್ರಯೋಗ ಶುರು ಮಾಡಿದೆ. ಅದೇ ಟಬ್ಬು, ಅದೇ ಅಳತೆ, ಅದೇ ಕೋರೆಯ ಮರಿಗಳು. ಆದರೆ ಮೈಲುತುತ್ತಿನ ಟಬ್ಬಿನ ಮೀನುಗಳು ಮೊದಲ ದಿನದಿಂದಲೇ ಮದುವೆ ಮನೆಯ ನೆಂಟರ ಹಾಗೆ ತಿಂದುಕೊಂಡು ತಿರುಗುತ್ತಿದ್ದವು. ಕಳೆದ ಸಲ ಇದೇ ಪ್ರಮಾಣಕ್ಕೆ ಮೂಲೆ ಹಿಡಿದು, ಆಹಾರ ಮುಟ್ಟದೆ, ಮೇಲೆ ಬಂದು ಬಾಯಿ ಬಿಡುತ್ತಿದ್ದ ಜಾತಿ ಇದು! ಗಾಜಿನ ಮೇಲೆ ನೋಡುವ ತನಕ ತಾಳ್ಮೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನೋಡಿದೆ. ಬರೀ ನೀರಿನ ಗುಂಪು, ಮೈಲುತುತ್ತಿನ ಗುಂಪು, ಪುನರ್ನವದ ಗುಂಪು, ಮೂರೂ ಒಂದೇ ನಮೂನೆ. ಎಲ್ಲದರಲ್ಲೂ ನೀರುದೋಸೆ.

ಪೆಟ್ಟೇ ಆಗದಿದ್ದರೆ ಮದ್ದು ಕಾಪಾಡಿದ್ದು ಏನನ್ನು? ನನ್ನ ಪ್ರಯೋಗ ಅಲ್ಲಿಗೆ ನೆಲ ಕಚ್ಚಿತು.

ಮೈಲುತುತ್ತು ಹಳತಾಗಿರಬಹುದೆಂದು ಹೊಸ ಡಬ್ಬ ಒಡೆದು ಹೋಲಿಸಿದೆ. ತಕ್ಕಡಿ ಪರೀಕ್ಷಿಸಿದೆ. ನೀರಿನ ಗಡಸುತನ, ಹುಳಿ, ಉಪ್ಪು ಎಲ್ಲ ಅಳೆದೆ, ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಪತ್ತನಾಜೆ ಹತ್ತಿರ ಬರುತ್ತಿತ್ತು. ತುಳುನಾಡಿನಲ್ಲಿ ಭೂತಕೋಲ, ಯಕ್ಷಗಾನ ಎಲ್ಲ ನಿಲ್ಲಿಸಿ ಮಳೆಯನ್ನು ಕಾಯುವ ದಿನ ಅದು. ಅದು ಕಳೆದರೆ ಅಡಿಕೆಯವರು ಮೈಲುತುತ್ತು ಕರಗಿಸುತ್ತಾರೆ, ಹಾಜಿಯವರು ಮರಿ ತರಬೇಕೋ ಬೇಡವೋ ನಿಶ್ಚಯಿಸಬೇಕು. ಅವರು ಫೋನ್ ಮಾಡಿಯೇಬಿಟ್ಟರು.

"ಮರಿ ಹೇಳಿ ಇಡ್ಲಾ ಟೀಚರೇ? ಒಳ್ಳೆಯ ಸುದ್ದಿ ಅಂದಿದ್ರಲ್ಲ?"

ಹೌದು ಎಂದುಬಿಡುವುದು ಬಹಳ ಸುಲಭವಿತ್ತು. ಮೊದಲ ಪ್ರಯೋಗದ ಗಾಜುಗಳು ಪೆಟ್ಟಿಗೆಯಲ್ಲಿದ್ದವು. ಸಹೋದ್ಯೋಗಿಯೊಬ್ಬರು ಪಿಸುದನಿಯಲ್ಲಿ ಹೇಳಿಯೂ ಆಗಿತ್ತು, "ಒಂದು ಸಲ ಬಂದದ್ದು ಸುಳ್ಳಲ್ವಲ್ಲ, ಅದನ್ನೇ ಬರೆದು ಮುಗಿಸಿ ಮಾರಾಯ್ರೇ," ಎಂದು. ಸುಳ್ಳಲ್ಲ, ನಿಜ. ಆದರೆ ನನ್ನ ಬಾಯಿಂದ ಹೌದು ಬಂದರೆ ಹಾಜಿಯವರು ಕೋರೆಗೆ ಮೀನು ಬಿಡುತ್ತಾರೆ, ಸತ್ತರೆ ದಮಾಮ್‌ಗೆ ಹೋಗುತ್ತಾರೆ. ಪದವಿ ನನ್ನದು, ವಿಮಾನ ಅವರದು.

"ಬೇಡ ಹಾಜಿಯವರೇ, ನಿಲ್ಲಿ. ಎಲ್ಲೋ ತಪ್ಪಿದೆ. ಎಲ್ಲಿ ಅಂತ ನನಗೇ ಗೊತ್ತಿಲ್ಲ," ಎಂದೆ.

"ಆಯ್ತು. ನೀವು ಹೇಳಿದ ಮೇಲೆ ಆಯ್ತು," ಎಂದು ಫೋನ್ ಇಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಳು ಬಂತು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುಳಿತು, ನೀರಿನಲ್ಲೇ ಏನೋ ದೋಷವಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದೆ. ಮಾರ್ಗದರ್ಶಕರು ಊಟದ ಡಬ್ಬಿ ಮುಚ್ಚುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ತಮಾಷೆ ಮಾಡಿದರು. ಅಲ್ಲೇ ಕುಳಿತಿದ್ದ ಮ್ಯಾನೇಜರರಿಗೆ ಬಾವಿಯ ಮಾನ ಕಾಪಾಡುವ ಹುಮ್ಮಸ್ಸು. "ನೀರಿಗೆ ಎಂತ ಆಗಿದೆ ಮೇಡಂ? ಈ ವರ್ಷದಷ್ಟು ಸಿಹಿ ನೀರು ಯಾವತ್ತೂ ಇರ್ಲಿಲ್ಲ. ಎಲ್ರೂ ಹೇಳ್ತಾರೆ. ನೀವೂ ಒಮ್ಮೆ ಕುಡೀರಿ, ತಲೆ ತಣ್ಣಗಾಗ್ಲಿ," ಎಂದು ಲೋಟ ಮುಂದಿಟ್ಟರು.

ಸಿಟ್ಟಿನಲ್ಲೇ ಕುಡಿದೆ. ಹೌದು, ಸಿಹಿ. ಸಕ್ಕರೆಯ ಸಿಹಿಯಲ್ಲ, ಕುಡಿದಾದ ಮೇಲೆ ನಾಲಗೆಯಲ್ಲಿ ಉಳಿಯುವ ಸಿಹಿ. ನೆಲ್ಲಿಕಾಯಿ ಜಗಿದು ನೀರು ಕುಡಿದರೆ ಬರುವಂಥದ್ದು. ಲೋಟವನ್ನು ಅಲ್ಲೇ ಕುಕ್ಕಿ ಎದ್ದೆ.

"ಬಾವಿಗೆ ನೆಲ್ಲಿ ಹಾಕಿಸಿದ್ದೀರಾ?"

"ಮತ್ತೆ? ಶುದ್ಧ ಮಾಡಿದ ಮೇಲೆ ಹಾಕ್ಲೇಬೇಕಲ್ವಾ? ಹೊಸ ನೆಲ್ಲಿಮರದ್ದೇ ಚೌಕಟ್ಟು. ದೊಡ್ಡದೇ ಮಾಡಿಸಿದ್ದು, ನಿಮ್ಮ ಮೀನಿಗೂ ಒಳ್ಳೆಯದಾಗ್ಲಿ ಅಂತ."

ಅಯ್ಯೋ ದೇವರೇ! ಲಾಯಿಲದ ನಮ್ಮ ಬಾವಿಯ ತಳದಲ್ಲೂ ಅದು ಇದೆ. ಕೆಸರು ತೆಗೆದು, ನೆಲ್ಲಿಮರದ ಹಲಗೆಗಳ ಚೌಕಟ್ಟು ಇಳಿಸಿದರೆ ನೀರು ತಿಳಿಯಾಗುತ್ತದೆ, ಸಿಹಿಯಾಗುತ್ತದೆ ಎಂದು ನಮ್ಮ ಕಡೆ ಹುಟ್ಟಿದ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿದ್ದ ಕಾರಣಕ್ಕೇ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೆಲ್ಲಿಯ ಹಸಿ ಮರದಲ್ಲಿ ಒಗರಿನ ಅಂಶ ತುಂಬಾ ಇರುತ್ತದೆ. ಅದು ನೀರಿಗೆ ಬಿಟ್ಟುಕೊಂಡು ತಾಮ್ರವನ್ನು ಹಿಡಿದು ಕಟ್ಟಿಹಾಕಬಲ್ಲದು. ಹಾಗೆ ಕಟ್ಟಿಬಿದ್ದ ತಾಮ್ರ ಮೀನಿನ ಕಿವಿರು ದಾಟಿ ಒಳಗೆ ಹೋಗುವುದು ಕಷ್ಟ. ಬೇಸಗೆಯ ಬಾವಿಯಲ್ಲಿ ನೀರೂ ಕಡಿಮೆ, ಮರವೂ ಹೊಸತು. ಬಿಳಿ ಬಕೆಟ್ಟಿನಲ್ಲಿ ನೀರು ಹಿಡಿದು ಬೆಳಕಿಗೆ ಇಟ್ಟರೆ ತೆಳು ಚಹಾದಷ್ಟು ಬಣ್ಣ. ಇಷ್ಟು ದಿನ ಆ ಬಣ್ಣವನ್ನು ನೋಡಿಯೂ ನೋಡಿರಲಿಲ್ಲ, ನೀಲಿ ಟಬ್ಬುಗಳಲ್ಲಿ ಅದು ಕಾಣುವುದೂ ಇಲ್ಲ.

ಊಹೆಯನ್ನು ಅಂದೇ ಪರೀಕ್ಷಿಸಿದೆ. ತಾಮ್ರಕ್ಕೆ ಬಹಳ ಬೇಗ ಸಾಯುವ, ಸಾಸಿವೆಗಿಂತ ಸಣ್ಣ ನೀರಿನ ಹುಳುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲು ಸಾಕಿದ್ದೆವು. ಒಂದು ಬೀಕರಿಗೆ ಬಾವಿಯ ನೀರು, ಇನ್ನೊಂದಕ್ಕೆ ಹಾಸ್ಟೆಲಿನ ಬೋರ್‌ವೆಲ್ ನೀರು, ಎರಡಕ್ಕೂ ಒಂದೇ ಅಳತೆಯ ಮೈಲುತುತ್ತು. ಸಂಜೆಗೆ ಬೋರಿನ ನೀರಿನ ಹುಳುಗಳು ತಳ ಸೇರಿದ್ದವು. ಬಾವಿಯ ನೀರಿನವು ಕುಣಿಯುತ್ತಲೇ ಇದ್ದವು. ಮಾರ್ಗದರ್ಶಕರು ಬಗ್ಗಿ ನೋಡಿ, "ನೆಲ ನಿಜವಾಗಿಯೂ ಡೊಂಕೇ ಇತ್ತು," ಎಂದರು. ಅವರ ಬಾಯಿಂದ ಅಷ್ಟು ಕೇಳಿದ್ದು ನನಗೆ ದೊಡ್ಡದು.

ಕೋರೆಯಲ್ಲಿ ಉಳಿದಿದ್ದ ಕೊನೆಯ ಮರಿಗಳನ್ನೂ ತಂದು ಮೂರನೇ ಪ್ರಯೋಗವನ್ನು ಬೋರ್‌ವೆಲ್ ನೀರಿನಲ್ಲಿ ಮಾಡಿದೆ. ನೀರು ಹೊರುವ ಕೆಲಸ ಸೊಂಟ ಮುರಿಯಿತು. ಈ ಸಲ ಇನ್ನೊಂದು ಗುಂಪನ್ನೂ ಸೇರಿಸಿದೆ. ಮೈಲುತುತ್ತು ಹಾಕುವ ಮೊದಲೇ ಅದರ ನೀರಿನಲ್ಲಿ ನೆಲ್ಲಿಮರದ ಚಕ್ಕೆ ನೆನೆಸಿ ಇಡುವುದು. ಹೊರಗೆ ಮಳೆ ಹಿಡಿದಿತ್ತು, ಬಂಟ್ವಾಳದ ಗುಡ್ಡಗಳಲ್ಲಿ ಅಡಿಕೆಗೆ ಮೊದಲ ಸಿಂಪರಣೆ ಆಗಿತ್ತು. ಹಾಜಿಯವರ ಕೋರೆ ಖಾಲಿ. ಅವರು ಒಮ್ಮೆಯೂ ಫೋನ್ ಮಾಡಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಗಾಜುಗಳು ಸಿದ್ಧವಾದಾಗ ಉತ್ತರ ನನಗೆ ಬೇಕಾದಷ್ಟು ಚಂದವಾಗಿರಲಿಲ್ಲ. ಪುನರ್ನವ ಕೆಲಸ ಮಾಡಿತ್ತು, ಆದರೆ ಅರ್ಧ. ಕೋಶಗಳು ಒಡೆಯುವುದು ಕಡಿಮೆಯಾಗಿತ್ತು, ಊತ ಉಳಿದಿತ್ತು. ಪುಡಿ ಹೆಚ್ಚು ಹಾಕಿದರೂ ಅದಕ್ಕಿಂತ ಮುಂದೆ ಹೋಗಲಿಲ್ಲ. ನೆಲ್ಲಿ ಚಕ್ಕೆಯ ಗುಂಪಿನಲ್ಲಿ ಮಾತ್ರ ಪೆಟ್ಟೇ ಬಹಳ ಕಡಿಮೆ. ಒಳಗೆ ಹೋದ ತಾಮ್ರದೊಂದಿಗೆ ಗಿಡ ಗುದ್ದಾಡಬಲ್ಲದು, ಆದರೆ ಎಲ್ಲವನ್ನೂ ಗೆಲ್ಲಲಾರದು. ಒಳಗೆ ಹೋಗದಂತೆ ನೋಡಿಕೊಳ್ಳುವುದೇ ದೊಡ್ಡ ಮದ್ದು.

ಇದನ್ನು ಫೋನಿನಲ್ಲಿ ಹೇಳುವ ಮನಸ್ಸಾಗಲಿಲ್ಲ. ಮಾರ್ಗದರ್ಶಕರನ್ನು ಕರೆದುಕೊಂಡು ಕೋರೆಗೇ ಹೋದೆ. ಹಾಜಿಯವರು ಕೊಡೆ ಹಿಡಿದು ಎಲ್ಲವನ್ನೂ ಕೇಳಿದರು.

"ಹಾಗಾದ್ರೆ ಮದ್ದು ಅರ್ಧ," ಎಂದರು.

"ಅರ್ಧ. ಪೂರ್ತಿ ಅಂತ ಹೇಳಿದ್ರೆ ಸುಳ್ಳಾಗ್ತದೆ. ಗುಡ್ಡದ ನೀರು ಒಂದೇ ಕಡೆಯಿಂದ ಒಳಗೆ ಬರುದಲ್ವಾ? ಮೈಲುತುತ್ತು ಬಿಟ್ಟ ಮೇಲಿನ ನೀರನ್ನು ಬದಿಯ ತೋಡಿಗೆ ತಿರುಗಿಸಿದ್ರೆ?"

ಅವರು ತೋಡಿನ ಕಡೆ ನೋಡಿದರು. ಆ ಸಣ್ಣ ಹಳ್ಳ ಕೆಳಗೆ ಹೋಗಿ ಫಲ್ಗುಣಿ ನದಿಗೆ ಸೇರುತ್ತದೆ. "ತೋಡಿನಲ್ಲೂ ಮೀನುಂಟು ಟೀಚರೇ. ನನ್ನ ಮೀನು ಬದುಕ್ಲಿ ಅಂತ ಅದನ್ನು ಕೊಲ್ಲುದಾ? ಅದು ಬೇಡ."

ನನ್ನ ಕಿವಿ ಬಿಸಿಯಾಯಿತು. ಅಷ್ಟು ದಿನ ಮೀನು ಕಾಪಾಡುವ ಮಾತೇ ಆಡುತ್ತಿದ್ದವಳಿಗೆ ತೋಡಿನ ಮೀನು ನೆನಪಿಗೇ ಬಂದಿರಲಿಲ್ಲ. ಮಾರ್ಗದರ್ಶಕರು ಆಗಲೇ ಮೇಲ್ಬದಿಯ ಸಣ್ಣ ಕೋರೆಯ ಅಂಚಿನಲ್ಲಿ ನಿಂತು ಆಳ ನೋಡುತ್ತಿದ್ದರು. ಗುಡ್ಡದ ನೀರನ್ನು ಮೊದಲು ಅಲ್ಲಿಗೆ ಇಳಿಸಿ, ನಿಲ್ಲಿಸಿ, ತಂಗಿಸಿ, ಮೇಲಿನ ತಿಳಿಯನ್ನಷ್ಟೇ ದೊಡ್ಡ ಕೋರೆಗೆ ಬಿಟ್ಟರೆ ಹೇಗೆ ಎಂದರು. ನೀರು ನಿಲ್ಲುವ ಜಾಗದಲ್ಲಿ ನೆಲ್ಲಿಯ ಕೊಂಬೆಗಳ ಕಟ್ಟು ಹಾಕುವುದೆಂದು ನಾನು ಸೇರಿಸಿದೆ. ಮೀನಿಗೆ ಪುನರ್ನವದ ಆಹಾರವೂ ಇರಲಿ, ದಾಟಿ ಬಂದ ತಾಮ್ರಕ್ಕೆ ಅದು. ಕೆಲಸ ಮಾಡುತ್ತದೆಂದು ಆಣೆ ಇಡಲಾರೆ, ಟಬ್ಬು ಬೇರೆ, ಕೋರೆ ಬೇರೆ ಎಂದೂ ಹೇಳಿದೆ.

"ಆಣೆ ಬೇಡ. ನೀವು ಬೇಡ ಅಂತ ಹೇಳಿದ ದಿನವೇ ನನಗೆ ಧೈರ್ಯ ಬಂದದ್ದು. ಬೇಡ ಅಂತ ಹೇಳುವವರು ಹೌದು ಅಂದ್ರೆ ನಂಬಬಹುದು," ಎಂದರು.

ಗುಡ್ಡದ ನೀರು ಸಣ್ಣ ಕೋರೆಗೆ ಇಳಿಯುವ ಹಾಗೆ ಹಾಜಿಯವರು ಕಣಿ ತೋಡಿಸಿದರು. ನೆಲ್ಲಿಯ ಕೊಂಬೆಗಳನ್ನು ಮೇಲಿನ ತೋಟದವರೇ ಕಡಿದು ಕೊಟ್ಟರಂತೆ. ಅವರ ಗದ್ದೆಯ ಬದಿಯಲ್ಲಿ ಹಳೆಯ ಮರವಿತ್ತು. ಎರಡನೇ ಸಲ ಮೈಲುತುತ್ತು ಬಿಡುವ ದಿನವನ್ನು ಮೊದಲೇ ತಿಳಿಸುತ್ತೇವೆ ಎಂದೂ ಹೇಳಿದರಂತೆ. ಮರಿಗಳು ಕೋರೆಗೆ ಇಳಿದವು. ನಾನು ಪುನಃ ಸೇಮಿಗೆ ಮಣೆ ಹಿಡಿದೆ. ಅಮ್ಮ ಈ ಸಲ ಗೊಣಗಲಿಲ್ಲ. ಹಾಜಿಯವರ ಕತೆ ಕೇಳಿದ ಮೇಲೆ ತಾನೇ ಕುಳಿತು ಒತ್ತಿಕೊಟ್ಟಳು.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಎರಡನೇ ಸಿಂಪರಣೆ ಆಯಿತು. ಮರುದಿನ ನೋಡಿದರೆ ಮಳೆ ಕೊಡದಲ್ಲಿ ಹೊಯ್ದ ಹಾಗೆ ಬಿತ್ತು. ಹಿಂದಿನ ಎರಡು ವರ್ಷವೂ ಇಂಥ ಮಳೆಯ ಬೆನ್ನಿಗೇ ಮೀನು ಉಬ್ಬತೊ‍ಡಗಿದ್ದು. ಕೆಲವು ದಿನ ಬಿಟ್ಟು ಹೋದೆ. ಹಾಜಿಯವರು ಬೀಸುಬಲೆ ಹಾಕಿ ಮೂರು ಮೀನು ಎತ್ತಿದರು. ಕೆಂಪುಕಲ್ಲಿನ ಮೇಲೆ ಮಲಗಿಸಿ ಬಿಡಿಸಿ, ಮೂತ್ರಪಿಂಡವನ್ನು ಹಳದಿ ದ್ರಾವಣಕ್ಕೆ ಇಳಿಸಿದೆ.

"ಹೇಗುಂಟು?" ಎಂದು ಕೇಳಿದರು.

"ಬರಿಗಣ್ಣಿಗೆ ಹೇಳ್ಲಿಕ್ಕಾಗುದಿಲ್ಲ. ಗಾಜಿನ ಮೇಲೆ ನೋಡ್ಬೇಕು. ಸ್ವಲ್ಪ ದಿನ ಬೇಕು."

"ನಾನು ಕಾಯ್ತೇನೆ, ಮೀನು ಕಾಯುದಿಲ್ಲ. ಕಿಡ್ನಿ ನೀವು ಕೊಂಡುಹೋಗಿ, ಉಳಿದದ್ದನ್ನು ತಿನ್ನುವ," ಎಂದು ಮೀನನ್ನು ತಮ್ಮ ಮನೆಗೆ ಕಳಿಸಿಕೊಟ್ಟರು. ಅವರ ಹೆಂಡತಿ ಕೊತ್ತಂಬರಿ ಅರೆದು ಸಾರು ಮಾಡಿದ್ದರು. ಊಟ ಮಾಡುವಾಗ ಅಟ್ಟದ ಮೇಲೆ ಹಗ್ಗ ಕಟ್ಟಿದ ದೊಡ್ಡ ಸೂಟ್‌ಕೇಸ್ ಕಂಡಿತು. ಹಾಜಿಯವರು ನನ್ನ ಕಣ್ಣು ಹೋದ ಕಡೆ ನೋಡಿ, ತಲೆ ತಗ್ಗಿಸಿ ಉಂಡರು. ಅವರ ಹೆಂಡತಿಯೂ ಆ ಕಡೆ ಒಮ್ಮೆ ನೋಡಿದರು. ದಮಾಮ್‌ನ ವಿಷಯ ಅವರಿಗೆ ಯಾವಾಗಲೋ ಗೊತ್ತಾಗಿತ್ತು.

ಗಾಜುಗಳು ಸಿದ್ಧವಾದ ದಿನ ನಾನು ಮೊದಲು ನೋಡಲಿಲ್ಲ. ಹಾಜಿಯವರನ್ನು ಮೂಡುಬಿದಿರೆಗೇ ಬರಹೇಳಿದ್ದೆ. ಅವರಿಗೇ ಮೊದಲು ತೋರಿಸಬೇಕೆಂದು ನನ್ನ ಹಟ. ಅವರು ಟೊಪ್ಪಿ ಸರಿಮಾಡಿಕೊಂಡು ಕಣ್ಣು ಇಟ್ಟರು. ಮೊದಲು ಅವರು ಮಂಜುಗಡ್ಡೆಯಲ್ಲಿ ತಂದಿದ್ದ ಸತ್ತ ಮೀನಿನ ಗಾಜು ಹಾಕಿದೆ, ಆಮೇಲೆ ಹೊಸತನ್ನು. ಯಾವುದು ಏನೆಂದು ಹೇಳಲಿಲ್ಲ.

"ಎಂತ ಕಾಣುದಿಲ್ಲ, ಬರೀ ಗುಲಾಬಿ ಬಣ್ಣ," ಎಂದರು ಮೊದಲನೆಯದಕ್ಕೆ. ಎರಡನೆಯದನ್ನು ತುಂಬ ಹೊತ್ತು ನೋಡಿದರು. "ಇದರಲ್ಲಿ ತೂತುಂಟಲ್ಲ ಟೀಚರೇ! ನೀರುದೋಸೆಗೆ ಇರುವ ಹಾಗೆ. ಇದು ನಮ್ಮ ಈ ವರ್ಷದ್ದಾ?"

ಈ ನೀರುದೋಸೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾನೂ ಕಣ್ಣಿಟ್ಟು ನೋಡಿದೆ. ಅಲ್ಲಲ್ಲಿ ಊತ ಇತ್ತು, ಒಂದೆರಡು ಕಡೆ ಅಂಚು ಒಡೆದಿತ್ತು. ತೂತುಗಳು ತೆರೆದೇ ಇದ್ದವು. "ನಿಮ್ಮದೇ. ಸ್ವಲ್ಪ ಪೆಟ್ಟು ಬಿದ್ದಿದೆ, ಸಾಯುವಷ್ಟಿಲ್ಲ. ಬರುವ ವರ್ಷ ಹೇಗೋ ನಾನು ಹೇಳ್ಲಾರೆ. ಈ ವರ್ಷ ಬದುಕಿದ್ವು," ಎಂದೆ.

ಅವರು ಎದ್ದು ಹೊರಗಿನ ಜಗಲಿಗೆ ಹೋದರು. ಫೋನ್ ಕಿವಿಗಿಟ್ಟು ಹಿಂದಿಯಲ್ಲಿ ಮಾತಾಡುವುದು ಕಿಟಕಿಯಿಂದ ಕೇಳಿಸಿತು. ಇಲ್ಲ, ಬರುವುದಿಲ್ಲ, ಬೇರೆಯವರನ್ನು ನೋಡಿ, ಇಲ್ಲಿ ಮೀನುಂಟು, ನೋಡಿಕೊಳ್ಳುವವರು ಬೇಕಲ್ಲ ಎನ್ನುತ್ತಿದ್ದರು. ಆಮೇಲೆ ಇನ್ನೊಂದು ಫೋನ್, ಬ್ಯಾರಿ ಭಾಷೆಯಲ್ಲಿ, ಮನೆಗೆ. ಅದರಲ್ಲಿ ಸೂಟ್‌ಕೇಸ್ ಎಂಬ ಶಬ್ದ ಮಾತ್ರ ನನಗೆ ಅರ್ಥವಾಯಿತು.

ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದರು. ಮೂಲೆಯ ಹೂಜಿಯಿಂದ ತಾವೇ ಲೋಟಕ್ಕೆ ನೀರು ಬಗ್ಗಿಸಿ ಗಟಗಟ ಕುಡಿದರು. ಕುಡಿದವರು ಲೋಟವನ್ನೇ ತಿರುಗಿಸಿ ನೋಡಿದರು.

"ಎಂತ ಸಿಹಿ ಮಾರಾಯ್ರೇ ಈ ನೀರು! ಯಾವ ಬಾವಿದು?"

ಈ ಮಾತನ್ನು ಆ ಬೇಸಗೆಯಲ್ಲಿ ಮ್ಯಾನೇಜರರ ಬಾಯಲ್ಲಿ ಕೇಳಿ ಎಷ್ಟು ಉರಿದುಕೊಂಡಿದ್ದೆನೋ. ಅಂದು ನಾನೇ ಹೂಜಿ ಎತ್ತಿ ಅವರ ಲೋಟಕ್ಕೆ ಇನ್ನೊಮ್ಮೆ ತುಂಬಿಸಿದೆ.